ಬಿಳಿಯಕ್ಕನ ತಾರಸಿಗೆ ಬಿದ್ದದ್ದು

ಹತ್ತು ದಿನ ಬಿಡದೆ ಕವಿದಿದ್ದ ಮಂಜು ಕರಗಿ ಒಳ್ಳೆಯ ಬಿಸಿಲು ಬಿದ್ದ ಮೊದಲ ಬೆಳಗ್ಗೆ, ಬಿಳಿಯಕ್ಕ ಹೋಟೆಲಿನ ನಲವತ್ತು ಹಾಸುಬಟ್ಟೆಗಳನ್ನು ತಾರಸಿಯ ಮೇಲೆ ಒಣಹಾಕಿ ಕೆಳಗಿಳಿದಳು. ಎರಡನೆಯ ಯಂತ್ರಕ್ಕೆ ಸೋಪಿನ ಪುಡಿ ಸುರಿಯುತ್ತಿರುವಾಗ ಮೇಲಿನಿಂದ ಮಾವನ ಕೂಗು ಕೇಳಿಸಿತು.

"ಅಮ್ಮಾ, ಬೇಗ ಬಾ! ಬೇಗ!"

ಮಾವ ಕೂಗುವ ಪೈಕಿಯಲ್ಲ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ದಿನವಿಡೀ ಕತ್ತಲ ಬಾವಿಯಂಥ ಗೋಡೆಗಳ ನಡುವೆ ನೇತಾಡಿಕೊಂಡು ಎಣ್ಣೆ, ತಂತಿ, ಗಾಲಿ ಅಂತ ಇದ್ದವರು. ನಿವೃತ್ತರಾದ ಮಾರನೆಯ ದಿನವೇ ಒಂದು ಮಡಚುವ ಕುರ್ಚಿ ಹಿಡಿದು ತಾರಸಿಗೆ ಹತ್ತಿದವರು, ಊಟ ನಿದ್ದೆ ಬಿಟ್ಟರೆ ಕೆಳಗೆ ಇಳಿದೇ ಇಲ್ಲ ಅನ್ನಬಹುದು. "ಆಕಾಶದ ಬಾಕಿ ತುಂಬ ಇದೆ, ನೋಡಿ ತೀರಿಸ್ಕೋತಿದೀನಿ" ಎನ್ನುತ್ತಿದ್ದರು.

ಬಿಳಿಯಕ್ಕ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದಳು. ಮಾವ ಕುರ್ಚಿಯಿಂದ ಎದ್ದು ನಿಂತು, ಎದುರುಮನೆಯ ನೀರಿನ ಟ್ಯಾಂಕಿನ ಕಡೆ ಬೆರಳು ಚಾಚಿದ್ದರು.

"ಹೋಯ್ತು. ಈಗ ತಾನೇ ಇತ್ತು. ಟ್ಯಾಂಕಿನ ಮೇಲ್ಗಡೆ ಒಂದು ತಟ್ಟೆ. ಬೆಳ್ಳಿ ಬಣ್ಣ. ಸ್ವಲ್ಪ ವಾಲಿತ್ತು. ಹತ್ತು ಎಣಿಸೋವರೆಗೂ ಇತ್ತು, ಆಮೇಲೆ ಇರ್ಲಿಲ್ಲ."

ಬಿಳಿಯಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣು ಹಗ್ಗದ ಮೇಲೆ ನೆಟ್ಟಿತ್ತು. ಬೆಳಗ್ಗೆ ಹಾಲಿನಂತಿದ್ದ ಬಟ್ಟೆಗಳ ಮೇಲೆ ಹಳದಿ ಚುಕ್ಕೆಗಳು. ಸಾಸಿವೆಯಷ್ಟು ಕೆಲವು, ತೊಗರಿಬೇಳೆಯಷ್ಟು ಕೆಲವು. ಒಂದೆರಡಲ್ಲ, ಎಣಿಸಲಾರದಷ್ಟು. ತಲೆಯೆತ್ತಿ ನೋಡಿದರೆ ಒಂದು ಮೋಡವಿಲ್ಲ, ಒಂದು ಹಕ್ಕಿಯಿಲ್ಲ, ಬರೀ ನೀಲಿ. ನೋಡುತ್ತಿದ್ದಂತೆಯೇ ಅವಳ ಮುಂಗೈ ಮೇಲೆ ಟಪ್ ಅಂತ ಒಂದು ಹನಿ ಬಿತ್ತು.

"ಅಯ್ಯೋ ನನ್ನ ಗ್ರಹಚಾರವೇ!" ಎಂದಳು.

ಅವಳಿಗೆ ಬಿಳಿಯಕ್ಕ ಅನ್ನುವ ಹೆಸರು ಬೀದಿಯವರು ಇಟ್ಟದ್ದು. ಅವಳ ಮೈಬಣ್ಣ ಮಸಿಗೆ ಹತ್ತಿರ. ಹೆಸರು ಬಂದದ್ದು ಅವಳು ಒಗೆದ ಬಟ್ಟೆಯ ಬಣ್ಣಕ್ಕೆ. ಸ್ಟೇಷನ್ ಪಕ್ಕದ ಹೋಟೆಲು, ಎರಡು ಆಸ್ಪತ್ರೆ, ಮೂರು ಸಲೂನು ಎಲ್ಲರೂ ಬಿಳಿ ಬಟ್ಟೆ ಅಂದರೆ ಅವಳಲ್ಲಿಗೇ ಕಳಿಸುತ್ತಿದ್ದರು. ಅಂಥವಳ ಹಗ್ಗದ ಮೇಲೆ ಹಳದಿ ಚುಕ್ಕೆ!

ಅಂದು ಎಲ್ಲವನ್ನೂ ಮತ್ತೆ ಯಂತ್ರಕ್ಕೆ ಹಾಕಿ, ಕುದಿಯುವ ನೀರು ಬಿಟ್ಟು ಒಗೆದಳು. ಚುಕ್ಕೆ ಹೋಗುವುದಿರಲಿ, ಮೊಳೆ ಹೊಡೆದಂತೆ ಕೂತವು. ಮರುದಿನ ಹೋಟೆಲಿನ ಮೇಲ್ವಿಚಾರಕಿ ಹನ್ನೆರಡು ಹಾಸುಬಟ್ಟೆಗಳನ್ನು ವಾಪಸು ಕಳಿಸಿದಳು. ಪ್ರತಿ ಚುಕ್ಕೆಯ ಸುತ್ತಲೂ ಪೆನ್ಸಿಲಿನಿಂದ ಒಂದೊಂದು ಸೊನ್ನೆ ಸುತ್ತಿದ್ದಳು. ಜೊತೆಗೊಂದು ಚೀಟಿ: "ನಮ್ಮ ಅತಿಥಿಗಳು ಚಿರತೆಯ ಚರ್ಮದ ಮೇಲೆ ಮಲಗುವುದಿಲ್ಲ."

ಚೀಟಿಯನ್ನು ತಂದುಕೊಟ್ಟವನು ಅವಳ ಗಂಡ, ಲಾಂಡ್ರಿಯ ವ್ಯಾನು ಓಡಿಸುವವನು. ಮಾತಿನ ವಿಷಯದಲ್ಲಿ ಬಲು ಜಿಪುಣ.

"ಬೇರೇನಾದ್ರೂ ಅಂದಳಾ ಅವಳು?" ಎಂದು ಬಿಳಿಯಕ್ಕ ಕೇಳಿದಳು.

"ಅಂದಳು."

"ಏನಂತ?"

"ತುಂಬ."

ಅಷ್ಟರಲ್ಲಿ ಬೀದಿಗೆ ಬೀದಿಯೇ ಚುಕ್ಕೆಯ ಮಾತಾಡತೊಡಗಿತ್ತು. ಬೇಕರಿಯವನ ಬಿಳಿ ಕಾರಿನ ಮೇಲೆ ಬಿದ್ದಿತ್ತು, ಸಲೂನಿನವನ ಚಪ್ಪರದ ಬಟ್ಟೆಯ ಮೇಲೆ ಬಿದ್ದಿತ್ತು, ವಿಮೆ ಏಜೆಂಟನ ಬೋಳುತಲೆಯ ಮೇಲೂ ಬಿದ್ದಿತ್ತು. ಕಾರ್ಖಾನೆಯ ಹೊಗೆ ಅಂದವರು ಕೆಲವರು, ವಿಮಾನದವರು ಏನೋ ಚೆಲ್ಲಿದರು ಅಂದವರು ಕೆಲವರು. ಸಲೂನಿನವನಿಗೆ ಇವೆರಡೂ ಸಪ್ಪೆಯೆನಿಸಿದವು. ಮಾವನ ಗಡ್ಡ ಹೆರೆಯುವಾಗ ತಟ್ಟೆಯ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ತಟ್ಟೆ ಬಂದದ್ದು ಹನ್ನೊಂದು ಗಂಟೆಗೆ, ಹಳದಿ ಹನಿ ಬಿದ್ದದ್ದೂ ಹನ್ನೊಂದು ಗಂಟೆಗೆ. ಅವನು ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿಬಿಟ್ಟ.

"ಹಾರುವ ತಟ್ಟೆ ಸ್ವಾಮೀ! ಅದರ ಹೊಟ್ಟೆಯಿಂದ ಸೋರಿದ್ದು ಇದು," ಎಂದು ಕತ್ತರಿ ಆಡಿಸುತ್ತ ಕೂತವರಿಗೆಲ್ಲ ಹೇಳಿದ. ಅವನ ಕುರ್ಚಿಯಲ್ಲಿ ಕೂತವರು ಎದ್ದು ಓಡುವಂತಿರಲಿಲ್ಲವಾದ್ದರಿಂದ ಎಲ್ಲರೂ ಪೂರ್ತಿ ಕೇಳಿದರು.

ಎರಡೇ ದಿನದಲ್ಲಿ ಸ್ಥಳೀಯ ರೇಡಿಯೋದ ಹುಡುಗಿ ಮೈಕು ಹಿಡಿದು ಬಂದಳು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟ್ಯಾಂಕಿನ ಕಡೆ ಮುಖ ಮಾಡಿ, ಅದೇ ಐದು ಮಾತು ಹೇಳಿದರು. ತಟ್ಟೆ. ಬೆಳ್ಳಿ ಬಣ್ಣ. ವಾಲಿತ್ತು. ಹತ್ತು ಎಣಿಸೋವರೆಗೂ ಇತ್ತು. ಆಮೇಲೆ ಇರಲಿಲ್ಲ. ಅದು ರೇಡಿಯೋದಲ್ಲಿ ಬಂದದ್ದೇ ತಡ, ಊರಲ್ಲಿ ತಟ್ಟೆ ಕಂಡವರಿಗೆ ಬರವೇ ಇಲ್ಲದಂತಾಯಿತು. ಬೇಕರಿಯವನು ಎರಡು ತಟ್ಟೆ ಕಂಡಿದ್ದ. ವಿಮೆ ಏಜೆಂಟ ಚುಟ್ಟದ ಆಕಾರದ್ದು ಕಂಡಿದ್ದ. ಅದಕ್ಕೆ ಕಿಟಕಿಗಳಿದ್ದವು, ಮಾರನೆಯ ದಿನ ಕಿಟಕಿಗಳಿಗೆ ಪರದೆಯೂ ಬಂತು. ಜನ ಸಂಜೆ ಸಂಜೆ ಬಿಳಿಯಕ್ಕನ ತಾರಸಿ ಹತ್ತತೊಡಗಿದರು. ಹಗ್ಗದ ಕೆಳಗೆ ನುಸುಳಿ, ಒದ್ದೆ ಟವೆಲ್ಲುಗಳಿಗೆ ಮುಖ ಒರೆಸಿಕೊಂಡು, ಮಾವನ ಸುತ್ತ ಕೂರುತ್ತಿದ್ದರು.

ಬಿಳಿಯಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು. ಆದರೂ ಬಟ್ಟೆ ಮಡಚುತ್ತ ಕಿವಿಗೊಟ್ಟಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಉಳಿದವರ ಕಥೆಗಳೆಲ್ಲ ದಿನದಿಂದ ದಿನಕ್ಕೆ ಮೈ ತುಂಬಿಕೊಳ್ಳುತ್ತಿದ್ದವು. ಮಾವನ ಕಥೆ ಮಾತ್ರ ಮೊದಲ ದಿನ ಎಷ್ಟಿತ್ತೋ ಅಷ್ಟೇ. "ಒಳಗೆ ಯಾರಾದ್ರೂ ಕಂಡ್ರಾ ತಾತಾ?" ಎಂದು ಯಾರೋ ಕೇಳಿದರೆ, "ಕಾಣ್ಲಿಲ್ಲ," ಎನ್ನುತ್ತಿದ್ದರು. "ಶಬ್ದ?" "ಇರ್ಲಿಲ್ಲ." ಲಿಫ್ಟಿನ ದೂರಿಗೆ ವರದಿ ಬರೆಯುತ್ತಿದ್ದ ಮನುಷ್ಯ, ಎಣ್ಣೆ ಕಡಿಮೆಯಾಗಿದ್ದರೆ ಎಣ್ಣೆ ಕಡಿಮೆ ಎಂದಷ್ಟೇ ಬರೆದು ರೂಢಿ.

ಚುಕ್ಕೆಯ ವಿಷಯವೊಂದು ಅವಳನ್ನು ಕೊರೆಯುತ್ತಲೇ ಇತ್ತು. ಇಪ್ಪತ್ತೆರಡು ವರ್ಷದಿಂದ ಕಲೆಗಳ ಜೊತೆ ಗುದ್ದಾಡಿದವಳಿಗೆ ಕಲೆಯ ಜಾತಕವೇ ಗೊತ್ತು. ಎಣ್ಣೆಯಾದರೆ ಬಿಸಿನೀರಿಗೆ ಬಗ್ಗುತ್ತದೆ. ಬಣ್ಣವಾದರೆ ಸ್ಪಿರಿಟ್ಟಿಗೆ ಹೆದರುತ್ತದೆ. ಬಿಸಿನೀರು ತಾಗಿದ ಕೂಡಲೇ ಹಠ ಹಿಡಿದು ಕೂರುವ ಕಲೆಗಳು ಬೇರೆಯೇ ಒಂದು ಕುಲ: ರಕ್ತ, ಮೊಟ್ಟೆ, ಹಾಲು. ಹಾಗಾದರೆ ಇದೂ? ಹೊಸದಾಗಿ ಬಿದ್ದ ಚುಕ್ಕೆಗಳಿದ್ದ ಒಂದು ದಿಂಬಿನ ಚೀಲವನ್ನು ತಣ್ಣೀರಿನಲ್ಲಿ ನೆನೆಹಾಕಿದಳು. ಒಂದು ತಾಸು ಬಿಟ್ಟು ಮೆಲ್ಲಗೆ ಹಿಂಡಿದರೆ ಹಳದಿಯೆಲ್ಲ ನೀರಿಗೆ ಇಳಿದಿತ್ತು. ಬಕೆಟ್ಟಿಗೆ ಬಗ್ಗಿ ಮೂಸಿದಳು. ಮೇಣದ ವಾಸನೆ, ಹೂವಿನದ್ದೂ ಹೌದು ಅನ್ನುವಂಥದ್ದು.

"ಇದು ಕಾರ್ಖಾನೇದೂ ಅಲ್ಲ, ತಟ್ಟೇದೂ ಅಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. "ಯಾವುದೋ ಹೊಟ್ಟೆಯಿಂದ ಬಂದಿರೋದು."

ಮರುದಿನ ಬೆಳಗ್ಗೆ ಒಂದು ಹಳೆಯ ಹಾಸುಬಟ್ಟೆಯನ್ನು ತಾರಸಿಯ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು ಕಾದಳು. ಹನ್ನೊಂದರ ಹೊತ್ತಿಗೆ ಚುಕ್ಕೆ ಬಿದ್ದವು. ಮಂಡಿಯೂರಿ ನೋಡಿದಳು. ಒಂದೂ ಗುಂಡಗಿರಲಿಲ್ಲ, ದಪ್ಪ ತಲೆ, ಸಣ್ಣ ಬಾಲ, ಎಲ್ಲ ಬಾಲವೂ ಒಂದೇ ಕಡೆಗೆ. ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಚಿಮುಕಿಸುವಾಗ ಹನಿಗಳ ಬಾಲ ಕೈ ಬೀಸಿದ ದಿಕ್ಕಿಗೇ ಚಾಚುತ್ತದೆ ಎಂದು ಅವಳಿಗೆ ಗೊತ್ತು. ಅಂದರೆ ಇವು ಬಾಲದ ಎದುರು ದಿಕ್ಕಿನಿಂದ ಬಂದಿವೆ. ಬಾಲವಿದ್ದದ್ದು ಉದ್ಯಾನದ ಕಡೆಗೆ, ತಲೆಯಿದ್ದದ್ದು ಅಂಚೆಕಚೇರಿಯ ಕಡೆಗೆ.

ಏಪ್ರನ್ ಕೂಡ ಬಿಚ್ಚದೆ, ಆ ಹಾಸುಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಸಲೂನಿನ ಚಪ್ಪರದ ಮೇಲೆ ಚುಕ್ಕೆ, ಬಸ್ ನಿಲ್ದಾಣದ ತಗಡಿನ ಮೇಲೆ ಇನ್ನೂ ಹೆಚ್ಚು ಚುಕ್ಕೆ, ಅಂಚೆಡಬ್ಬದ ನೆತ್ತಿಯಂತೂ ಪೂರ್ತಿ ಹಳದಿ. ಅಂಚೆಕಚೇರಿಯ ಹಿಂದೆ ಮೂರು ಮಹಡಿಯ ಒಂದು ಕಟ್ಟಡ. ಅದರಾಚೆಗೆ ಒಂದು ಚುಕ್ಕೆಯೂ ಇರಲಿಲ್ಲ. ಕಟ್ಟಡದ ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು.

ಕಾಯುವ ಕೋಣೆಯಲ್ಲಿ ಕೆನ್ನೆ ಊದಿಸಿಕೊಂಡವರಿಬ್ಬರು ಕೂತಿದ್ದರು. ಡಾಕ್ಟರಮ್ಮ ಕಾಣಲಿಲ್ಲ. ಬಿಳಿಯಕ್ಕ ನೇರ ಮಾಳಿಗೆಯ ಮೆಟ್ಟಿಲು ಹತ್ತಿ ಬಾಗಿಲು ದೂಡಿದಳು. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಮುಖದ ಮುಂದೆ ಬಲೆ ಇಳಿಬಿಟ್ಟುಕೊಂಡು, ಕೈಯಲ್ಲಿ ಹೊಗೆಯುಗುಳುವ ಡಬ್ಬ ಹಿಡಿದ ಆಕೃತಿಯೊಂದು ತಿರುಗಿ ನಿಂತಿತು. ಬಿಳಿಯಕ್ಕ ಬಾಗಿಲ ಹಿಡಿಯನ್ನು ಬಿಡದೆ ನಿಂತಳು. ವಿಮೆ ಏಜೆಂಟ ಹೇಳಿದ್ದೆಲ್ಲ ನಿಜವೇ ಆಗಿಬಿಟ್ಟಿತೇ?

"ಬಾಗಿಲು ಹಾಕಿ ಬಾಗಿಲು! ನೊಣ ಒಳಗೆ ಹೋದ್ರೆ ಪೇಷೆಂಟುಗಳು ಓಡಿಹೋಗ್ತಾರೆ!" ಎಂದಿತು ಆಕೃತಿ. ಡಾಕ್ಟರಮ್ಮನದೇ ದನಿ.

ಅವಳ ಹಿಂದೆ ನಾಲ್ಕು ಜೇನುಪೆಟ್ಟಿಗೆಗಳಿದ್ದವು. ಅವುಗಳ ಬಾಯಿಯಿಂದ ಜೇನುಗಳು ಸಾಲುಸಾಲಾಗಿ ಉದ್ಯಾನದ ಕಡೆ ಹಾರುತ್ತಿದ್ದವು.

ಬಿಳಿಯಕ್ಕ ಹಾಸುಬಟ್ಟೆಯನ್ನು ಬಿಚ್ಚಿ ತೋರಿಸಿದಳು. ಡಾಕ್ಟರಮ್ಮ ಬಲೆ ಎತ್ತಿ ನೋಡಿ, ಕೈಗವಸಿನಲ್ಲೇ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ದೇವರೇ, ನಮ್ಮವೇ. ಇವು ಎಷ್ಟು ಮಡಿ ಅಂದ್ರೆ, ಸತ್ತರೂ ಗೂಡೊಳಗೆ ಗಲೀಜು ಮಾಡಲ್ಲ. ಹತ್ತು ದಿನ ಮಂಜು ಇತ್ತಲ್ಲ, ಒಂದೂ ಹೊರಗೆ ಬಂದಿಲ್ಲ. ಹತ್ತೂ ದಿನ ತಡ್ಕೊಂಡಿದ್ವು ಪಾಪ. ಬಿಸಿಲು ಬಿತ್ತು ನೋಡಿ..."

"ಎಲ್ಲಾ ಒಟ್ಟಿಗೆ?"

"ಎಲ್ಲಾ ಒಟ್ಟಿಗೆ. ಈಗಲೂ ಮುಗಿದ ಹಾಗಿಲ್ಲ."

ಬಿಳಿಯಕ್ಕ ಪೆಟ್ಟಿಗೆಯೊಂದರ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಿಮೆ ಏಜೆಂಟನ ಬೋಳುತಲೆ ನೆನಪಾದಾಗಲಂತೂ ನಿಲ್ಲಿಸುವುದೇ ಕಷ್ಟವಾಯಿತು. ಡಾಕ್ಟರಮ್ಮನೂ ನಕ್ಕಳು, ಆಮೇಲೆ ಗಂಭೀರಳಾದಳು.

"ಅಕ್ಕಾ, ಒಂದು ಮಾತು. ಕಟ್ಟಡದವರಿಗೆ ಪೆಟ್ಟಿಗೆ ವಿಷಯ ಗೊತ್ತಿಲ್ಲ. ಗೊತ್ತಾದ್ರೆ ಅವತ್ತೇ ಎತ್ತಿಸ್ತಾರೆ. ಆರು ವರ್ಷದಿಂದ ಸಾಕಿದೀನಿ. ದಿನವಿಡೀ ಜನ ನನ್ನ ನೋಡಿ ಹೆದರಿ ಬಾಯಿ ಬಿಡ್ತಾರೆ. ಹೆದರದೆ ನನ್ನ ಹತ್ರ ಬರೋದು ಇವು ಮಾತ್ರ."

"ನನ್ನ ಬಾಯಿಂದ ಬರಲ್ಲ ಬಿಡಿ," ಎಂದಳು ಬಿಳಿಯಕ್ಕ. ಮುಂದೆ ಮಂಜು ಕಳೆದು ಮೊದಲ ಬಿಸಿಲು ಬೀಳುವ ದಿನ ಡಾಕ್ಟರಮ್ಮ ಫೋನು ಮಾಡುವುದು, ಬಿಳಿಯಕ್ಕ ಬಿಳಿ ಬಟ್ಟೆಯನ್ನು ಒಳಗೇ ಒಣಗಿಸುವುದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು.

ಮನೆಗೆ ಬಂದರೆ ಇನ್ನೊಂದು ಗಂಡಾಂತರ ಕಾದಿತ್ತು. ಮರುದಿನ, ಶನಿವಾರ ಮಧ್ಯಾಹ್ನ, ಅವಳ ತಾರಸಿಯಿಂದಲೇ ರೇಡಿಯೋದ ನೇರ ಪ್ರಸಾರವಂತೆ. ಹಾರುವ ತಟ್ಟೆಗಳ ಸಂಶೋಧಕರೊಬ್ಬರು ದೂರದಿಂದ ಬರುತ್ತಾರಂತೆ. ಮಾವ ಆಗಲೇ ಪಾದರಕ್ಷೆಗೆ ಪಾಲಿಶ್ ಹಚ್ಚುತ್ತ ಕೂತಿದ್ದರು. ಮಗ್ಗುಲಲ್ಲಿ ಸಲೂನಿನವನು, "ನಿಮ್ಮ ಫೋಟೋ ನನ್ನ ಕನ್ನಡಿ ಪಕ್ಕ ಹಾಕ್ತೀನಿ," ಎನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಮಾವನನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಊರೇ ಕೇಳುತ್ತಿತ್ತು.

ಬಿಳಿಯಕ್ಕ ವ್ಯಾನಿನ ಬಳಿ ಹೋಗಿ ಗಂಡನಿಗೆ, ಜೇನು ಯಾರದ್ದು ಎಂಬುದೊಂದನ್ನು ಬಿಟ್ಟು, ಕಥೆಯನ್ನೆಲ್ಲ ಹೇಳಿದಳು.

"ಹೇಳಿದ್ರೆ ಮಾವನ ಮರ್ಯಾದೆ ಮಣ್ಣುಪಾಲು. ಹೇಳದಿದ್ರೆ ಆ ಸಂಶೋಧಕ ಬಂದು ಎಲ್ಲರ ಎದುರು ಏನೇನು ಆಡಿಸ್ತಾನೋ. ಏನ್ರೀ ಮಾಡೋದು?"

ಗಂಡ ಟೈರನ್ನು ಒಮ್ಮೆ ಒದ್ದು ನೋಡಿದ. "ನಾನೂ ನೋಡ್ದೆ," ಎಂದ.

"ಏನನ್ನ?"

"ತಟ್ಟೆ. ಅವತ್ತು. ಟ್ಯಾಂಕ್ ಮೇಲೆ."

"ಮತ್ತೆ ಒಂದು ವಾರದಿಂದ ಯಾಕ್ರೀ ಹೇಳ್ಲಿಲ್ಲ?"

"ಸಿಗ್ನಲ್ಲಲ್ಲಿದ್ದೆ. ಹಸಿರು ಬಂತು," ಎಂದ ಗಂಡ, ಅದರಲ್ಲಿ ಎಲ್ಲ ಉತ್ತರವೂ ಇದೆ ಎಂಬಂತೆ.

ಆ ಸಂಜೆ ಜನ ಇಳಿದುಹೋದ ಮೇಲೆ ಬಿಳಿಯಕ್ಕ ಮಾವನ ಹತ್ತಿರ ಕೂತು, ಗಂಡನಿಗೆ ಹೇಳಿದಷ್ಟನ್ನೇ ಬಿಡಿಸಿ ಹೇಳಿದಳು. ಮಾವ ಪಾಲಿಶ್ ಹಚ್ಚಿದ ಪಾದರಕ್ಷೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು:

"ಜೇನುನೊಣ ತಟ್ಟೆ ಥರ ಕಾಣ್ಸುತ್ತಾ?"

"ಇಲ್ಲ ಮಾವ."

"ಮತ್ತೆ? ನಾನು ನೋಡಿದ್ದು ತಟ್ಟೆ. ಚುಕ್ಕೆ ಬಗ್ಗೆ ನಾನು ಯಾವತ್ತಾದ್ರೂ ಬಾಯಿ ಬಿಟ್ಟಿದೀನಾ?"

ಬಿಳಿಯಕ್ಕ ನೆನಪು ಮಾಡಿಕೊಂಡಳು. ನಿಜ. ಒಂದೇ ಒಂದು ಸಲವೂ ಇಲ್ಲ. ಎರಡನ್ನೂ ಗಂಟುಹಾಕಿದವನು ಸಲೂನಿನವನು.

"ನಾಳೆ ನೀನು ಹೇಳ್ಬೇಡ. ನಾನೇ ಹೇಳ್ತೀನಿ," ಎಂದರು ಮಾವ. "ಮೈಕು ಹೇಗೂ ನನ್ನ ಮುಂದೇನೆ ಹಿಡಿಯೋದು."

ಶನಿವಾರ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಶೋಧಕ ಎತ್ತರದ ಮನುಷ್ಯ, ಕೋಟಿಗೆ ಹದಿನಾಲ್ಕು ಜೇಬು. ಒಂದೊಂದರಿಂದಲೂ ಒಂದೊಂದು ಸೀಸೆ ತೆಗೆದು, ಚಿಕ್ಕ ಚಮಚದಲ್ಲಿ ಗೋಡೆಯ ಮೇಲಿನ ಹಳದಿ ಚುಕ್ಕೆಗಳನ್ನು ಕೆರೆದು ತುಂಬಿದ. ಸ್ವಲ್ಪವನ್ನು ತನ್ನ ಮಣಿಕಟ್ಟಿಗೆ ಸವರಿಕೊಂಡು ಕಣ್ಣು ಮುಚ್ಚಿದ.

"ಜುಮ್ಮೆನ್ನುತ್ತಿದೆ," ಎಂದ ಮೈಕಿನಲ್ಲಿ. "ಇದು ನಕ್ಷತ್ರಯಾನದ ಇಂಧನ. ಭೂಮಿಯಲ್ಲಿ ಸಿಗದ ವಸ್ತು. ಇದಕ್ಕೆ ಗುಣಪಡಿಸುವ ಶಕ್ತಿ ಇದ್ದರೂ ಆಶ್ಚರ್ಯವಿಲ್ಲ."

ಅವನ ಬಾಯಿಂದ ಅದು ಬಂದದ್ದೇ ಸಾಕಾಯಿತು. ಬೇಕರಿಯವನ ಅತ್ತೆ ಬಗ್ಗಿ ಬೆರಳಲ್ಲಿ ತೆಗೆದು ಮಂಡಿಗೆ ಹಚ್ಚಿಕೊಂಡಳು. ವಿಮೆ ಏಜೆಂಟ ಒರೆಸಿಕೊಂಡಿದ್ದಕ್ಕೆ ಮರುಗುತ್ತ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡ, ಕೂದಲೇನಾದರೂ ಚಿಗುರಿದೆಯೋ ಎಂದು. ಒಬ್ಬ ತಾಯಿ ಕಂಕುಳಲ್ಲಿದ್ದ ಮಗುವಿನ ತುಟಿಗೆ ಬೆರಳು ಒಯ್ಯುವುದಕ್ಕೂ ಮಾವ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ತಡೀಮ್ಮಾ! ಬಾಯಿಗಿಡ್ಬೇಡ," ಎಂದು ಗದರಿದರು. ರೇಡಿಯೋ ಹುಡುಗಿ ಮೈಕನ್ನು ಅವರ ಗದ್ದಕ್ಕೆ ತಂದಳು. ಮಾವ ಗಂಟಲು ಸರಿಮಾಡಿಕೊಂಡರು. "ಇದು ಜೇನುನೊಣದ ಹೇಲು."

ಇಡೀ ಊರಿಗೆ ನೇರವಾಗಿ ಪ್ರಸಾರವಾಯಿತು. ತಾರಸಿಯ ಮೇಲೆ ಗಾಳಿಗೆ ಟವೆಲ್ಲು ಪಟಪಟಿಸುವ ಶಬ್ದವೊಂದೇ ಕೇಳುತ್ತಿತ್ತು. ಸಂಶೋಧಕ ತನ್ನ ಮಣಿಕಟ್ಟನ್ನು ನಿಧಾನವಾಗಿ ಕೋಟಿನ ಹದಿನೈದನೆಯ ಜೇಬಿರಬಹುದಾದ ಜಾಗಕ್ಕೆ ಒರೆಸಿದ.

"ಮಂಜಲ್ಲಿ ಹತ್ತು ದಿನ ತಡ್ಕೊಂಡಿದ್ದು, ಬಿಸಿಲಿಗೆ ಬಿಟ್ಟಿವೆ. ನಮ್ಮ ಸೊಸೆ ಕಂಡುಹಿಡಿದಳು. ತಣ್ಣೀರಲ್ಲಿ ನೆನೆಸಿದ್ರೆ ಹೋಗುತ್ತೆ, ಬಿಸಿನೀರು ಹಾಕ್ಬೇಡಿ," ಎಂದು ಮಾವ ಮುಗಿಸಿದರು.

ಮೊದಲು ನಕ್ಕವಳು ಬೇಕರಿಯವನ ಅತ್ತೆ, ಮಂಡಿ ನೋಡಿಕೊಂಡು. ಆಮೇಲೆ ತಾರಸಿಗೆ ತಾರಸಿಯೇ ನಕ್ಕಿತು. ಆ ನಗೆಯ ನಡುವೆಯೇ ಸಲೂನಿನವನ ದನಿ ಎದ್ದಿತು. ತನ್ನ ಕಥೆ ನೀರಿಗೆ ಬಿದ್ದ ಸಿಟ್ಟು ಅವನಿಗೆ.

"ಹಾಗಾದ್ರೆ ನಿಮ್ಮ ತಟ್ಟೆ? ಅದೂ ಜೇನೇನಾ ತಾತಾ? ಅಥ್ವಾ ಕನ್ನಡಕದ ಮೇಲೆ ಬಿದ್ದ ಚುಕ್ಕೇನಾ?"

ಜನ ಮತ್ತೊಮ್ಮೆ ನಕ್ಕರು. ಮಾವನ ಮುಖ ಸಣ್ಣದಾಯಿತು. ಬಿಳಿಯಕ್ಕ ಜನರನ್ನು ಸರಿಸಿಕೊಂಡು ಮುಂದೆ ನುಗ್ಗಬೇಕು ಎನ್ನುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಧಡ್ ಎಂದು ಸದ್ದಾಯಿತು. ಗಂಡ ಒದ್ದೆ ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಇಳಿಸಿದ್ದ.

"ನಾನೂ ನೋಡಿದೀನಿ," ಎಂದ.

ನಗು ನಿಂತಿತು. ಅವನು ಮಾತಾಡುತ್ತಾನೆ ಎಂಬುದೇ ಅಲ್ಲಿದ್ದ ಅರ್ಧ ಜನಕ್ಕೆ ಹೊಸ ಸುದ್ದಿ. ರೇಡಿಯೋ ಹುಡುಗಿ ಹಗ್ಗ ದಾಟಿ ಓಡಿ ಬಂದಳು.

"ಏನು ನೋಡಿದ್ರಿ ಸಾರ್?"

"ತಟ್ಟೆ."

"ಹೇಗಿತ್ತು?"

"ವಾಲಿತ್ತು."

"ಇನ್ನೇನಾದ್ರೂ ವಿವರ?"

ಗಂಡ ಯೋಚಿಸಿದ. "ಅಪ್ಪ ಹತ್ತು ಅಂದ್ರಲ್ಲ. ನಾನು ಎಣಿಸ್ಲಿಲ್ಲ. ಆದ್ರೆ ಅಷ್ಟೇ ಇರ್ಬೇಕು," ಎಂದು ಹೇಳಿ, ಬುಟ್ಟಿ ಎತ್ತಿಕೊಂಡು ಹಗ್ಗದ ಕಡೆ ಹೋದ. ಮಾವ ಮಗನ ಬೆನ್ನನ್ನೇ ನೋಡುತ್ತ ನಿಂತಿದ್ದರು.

ಮುಂದಿನ ವಾರಕ್ಕೆ ಗದ್ದಲವೆಲ್ಲ ಇಳಿಯಿತು. ಸಂಶೋಧಕ ಸೀಸೆಗಳನ್ನು ಬಿಟ್ಟುಹೋಗಿದ್ದ. ಬಿಳಿಯಕ್ಕ ಅವನ್ನು ತೊಳೆದು ಅಂಗಿಯ ಗುಂಡಿಗಳನ್ನು ತುಂಬಿಟ್ಟಳು. ಜೇನು ಯಾರದ್ದು ಎಂದು ನಾಲ್ಕಾರು ಜನ ಕೇಳಿದರು. "ಅವೇನು ವಿಳಾಸ ಬರೆದು ಹೋಗ್ತಾವಾ?" ಎಂದು ಬಾಯಿ ಮುಚ್ಚಿಸಿದಳು. ತಣ್ಣೀರಲ್ಲಿ ಒಗೆದ ಮುಂದಿನ ಕಂತಿನ ಹಾಸುಬಟ್ಟೆಗಳನ್ನು ನೋಡಿ ಹೋಟೆಲಿನ ಮೇಲ್ವಿಚಾರಕಿ ಇನ್ನೊಂದು ಚೀಟಿ ಕಳಿಸಿದಳು. ಅದರಲ್ಲಿ "ಸರಿ" ಎಂಬ ಒಂದೇ ಪದವಿತ್ತು. ಅವಳ ಮಟ್ಟಿಗೆ ಅದು ಹೊಗಳಿಕೆಯ ಸುರಿಮಳೆ.

ತಾರಸಿಗೆ ಬರುವ ಜನ ನಿಂತರು. ಒಂದು ಮಧ್ಯಾಹ್ನ ಬಿಳಿಯಕ್ಕ ಮೂರು ಲೋಟ ಚಹಾ ಹಿಡಿದು ಮೇಲೆ ಹೋದಳು. ಗಂಡ ಹಗ್ಗದ ಗಂಟು ಬಿಗಿಯುತ್ತಿದ್ದ. ಅವಳು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಎರಡು ವಾರದಿಂದ ಮನಸ್ಸಲ್ಲಿದ್ದದ್ದನ್ನು ಕೇಳಿದಳು.

"ಮಾವ, ಆ ತಟ್ಟೆಯ ಹೊಳಪು ಎಂಥದ್ದು? ಸ್ಟೀಲ್ ಹೊಳೆಯೋ ಹಾಗಾ, ಇಲ್ಲಾ ಒದ್ದೆ ರೇಷ್ಮೆ ಹೊಳೆಯೋ ಹಾಗಾ? ಎರಡೂ ಬೇರೆ ಬೇರೆ, ನೋಡಿ."

ಮಾವ ಲೋಟ ಕೆಳಗಿಟ್ಟರು. ಇಷ್ಟು ಜನ ಬಂದುಹೋಗಿದ್ದರೂ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ. ಕಣ್ಣು ಕಿರಿದು ಮಾಡಿ ಟ್ಯಾಂಕಿನ ಕಡೆ ನೋಡಿದರು.

"ಒದ್ದೆ ರೇಷ್ಮೆ," ಎಂದರು ಕೊನೆಗೆ. "ಹೌದು. ಒದ್ದೆ ರೇಷ್ಮೇನೇ."

"ಸ್ಟೀಲು," ಎಂದ ಗಂಡ ಹಗ್ಗದ ಹತ್ತಿರದಿಂದ.

"ಏನಂದೆ?"

"ಸ್ಟೀಲು. ಅಂಚು ಚುಚ್ಚೋ ಹಾಗೆ ಹೊಳೀತಿತ್ತು."

"ನೀನು ವ್ಯಾನಿನ ಗಾಜಿನಿಂದ ನೋಡಿದ್ದು ಕಣೋ! ಗಾಜಿನಿಂದ ಎಲ್ಲಾ ಸ್ಟೀಲೇ ಕಾಣೋದು!"

"ಕಿಟಕಿ ಇಳಿಸಿದ್ದೆ."

"ಯಾವ ಕಡೆ ಕಿಟಕಿ? ಸಿಗ್ನಲ್ಲಿಂದ ಟ್ಯಾಂಕು ಯಾವ ಕಡೆಗೆ ಬರುತ್ತೆ, ಮೊದಲು ಅದನ್ನ ಹೇಳು."

ಗಂಡ ಹಗ್ಗ ಬಿಟ್ಟು ಬಂದು, ಮಾವನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. ಬೆರಳಿನಿಂದ ಸಿಮೆಂಟಿನ ಧೂಳಿನಲ್ಲಿ ರಸ್ತೆ ಗೀಚಿದ, ಸಿಗ್ನಲ್ ಗೀಚಿದ. ಮಾವ ಬಗ್ಗಿ ಅದನ್ನು ಅಳಿಸಿ, ಸರಿಯಾಗಿ ಗೀಚಿದರು. ಕೆಳಗೆ ಯಂತ್ರ ತಿರುಗುವುದು ನಿಂತು ಗಂಟೆ ಹೊಡೆಯಿತು. ಬಿಳಿಯಕ್ಕ ಅವರಿಬ್ಬರ ಲೋಟಗಳನ್ನು ಕೈಗೆ ಸಿಗುವಷ್ಟು ಹತ್ತಿರ ಸರಿಸಿಟ್ಟು ಮೆಟ್ಟಿಲು ಇಳಿದಳು. ಅವಳು ಒದ್ದೆ ಬಟ್ಟೆ ಹೊತ್ತು ವಾಪಸು ಹತ್ತುವಾಗಲೂ ಜಗಳ ಅಂಚಿನ ವಿಷಯದಲ್ಲೇ ಇತ್ತು.